ಓದುಗರ ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ಹಬ್ಬ ಎಲ್ಲಿಯವರೆಗೆ, ಪೂಜೆ ಎಲ್ಲಿಂದ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನಮ್ಮಲ್ಲಿ ಏಳನೇ ತರಗತಿಯ ಮಕ್ಕಳ ಬೀಳ್ಕೊಡುಗೆಯ ದಿನವೇ ಶಾರದಾ ಪೂಜೆ ಮಾಡುವ ರೂಢಿಯಿದೆ. ಅದಕ್ಕಾಗಿ ಮಕ್ಕಳಿಂದ ಪಟ್ಟಿ (ಚಂದಾ ಹಣ) ಎತ್ತುತ್ತಾರೆ. ಹುಡುಗಿಯರು ಆರತಿ ಹಿಡಿಯುತ್ತಾರೆ. ಈ ಸಲ ಪಾಲಕರೊಬ್ಬರು ತಮ್ಮ ಮಗಳನ್ನು ಪೂಜೆಗೆ ಕೂಡಿಸಬೇಡಿ, ಬೀಳ್ಕೊಡುಗೆಗೆ ಮಾತ್ರ ಕರೆಯಿರಿ ಎಂದು ಕೇಳಿಕೊಂಡರು. ಸಭೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಹಿಂದಿನಿಂದ ಬಂದದ್ದನ್ನು ಬಿಡಬಾರದು ಎಂದು ಕೆಲವರು, ಸರ್ಕಾರಿ ಶಾಲೆಯಲ್ಲಿ ಪೂಜೆಯೇ ಕೂಡದು ಎಂದು ಕೆಲವರು ವಾದಿಸಿದರು. ಕಾನೂನು ಏನು ಹೇಳುತ್ತದೆ? ನಾವು ಏನು ಮಾಡಬೇಕು?

ಉತ್ತರ: ಈ ವಿಷಯದಲ್ಲಿ ಮೊದಲು ಓದಬೇಕಾದದ್ದು ಸಂವಿಧಾನದ 28ನೇ ವಿಧಿ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಯಾವುದೇ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಅದರ ಮೊದಲನೇ ಉಪವಿಧಿ ಹೇಳುತ್ತದೆ. ಹಬ್ಬ, ಪೂಜೆ ಎಂಬ ಮಾತುಗಳು ಆ ಉಪವಿಧಿಯಲ್ಲಿ ಇಲ್ಲದಿರುವುದರಿಂದ, ಶಾಲೆಯಲ್ಲಿ ಒಂದು ದೀಪ ಹಚ್ಚಿದ ಮಾತ್ರಕ್ಕೆ ಸಂವಿಧಾನ ಮುರಿಯಿತು ಎನ್ನುವವರ ವಾದವೂ ಪೂರ್ತಿ ಸರಿಯಲ್ಲ. ಆದರೆ ಮೂರನೇ ಉಪವಿಧಿ ಉಪಾಸನೆಯನ್ನು ಹೆಸರಿಸಿಯೇ ಮಾತನಾಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುತ್ತಿರುವ ಯಾರನ್ನೂ, ಅವರ ಒಪ್ಪಿಗೆಯಿಲ್ಲದೆ, ಅವರು ಅಪ್ರಾಪ್ತರಾಗಿದ್ದರೆ ಪಾಲಕರ ಒಪ್ಪಿಗೆಯಿಲ್ಲದೆ, ಅಲ್ಲಿ ನಡೆಯುವ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವಂತೆ ಅಥವಾ ಉಪಾಸನೆಗೆ ಹಾಜರಾಗುವಂತೆ ಕಡ್ಡಾಯ ಮಾಡುವಂತಿಲ್ಲ. ಖಾಸಗಿ ಅನುದಾನಿತ ಶಾಲೆಗೇ ಇಷ್ಟು ಕಟ್ಟುಪಾಡು ಇರುವಾಗ ಸರ್ಕಾರವೇ ನಡೆಸುವ ಶಾಲೆ ಇನ್ನೂ ಹೆಚ್ಚು ಎಚ್ಚರದಿಂದ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಒಂದು ಅಂಶವನ್ನು ನಿಮ್ಮ ಸಭೆಯ ಎರಡೂ ಪಕ್ಷದವರು ಗಮನಿಸಿದಂತೆ ಕಾಣುವುದಿಲ್ಲ. ಸಂವಿಧಾನ ಕೇಳುತ್ತಿರುವುದು ಪಾಲಕರ ಒಪ್ಪಿಗೆಯನ್ನು. ಯಾರೂ ತಕರಾರು ಮಾಡಲಿಲ್ಲ, ಆದ್ದರಿಂದ ಎಲ್ಲರಿಗೂ ಸಮ್ಮತ ಎಂದು ಶಾಲೆ ಭಾವಿಸಿಕೊಳ್ಳುವುದಕ್ಕೆ ಅದು ಅವಕಾಶ ಕೊಟ್ಟಿಲ್ಲ. ಹೊಲದ ಕೆಲಸಕ್ಕೆ ಹೋಗುವ ತಂದೆತಾಯಿ ಊರವರೆಲ್ಲರ ಮುಂದೆ ಎದ್ದು ನಿಂತು ನಮ್ಮ ಮಗುವನ್ನು ಬಿಡಿ ಎಂದು ಹೇಳುವುದು ಎಷ್ಟು ಕಷ್ಟವೆಂಬುದು ಹಳ್ಳಿಯಲ್ಲಿ ಬದುಕುವ ನಿಮಗೆ ತಿಳಿಯದ್ದಲ್ಲ. ಆ ಪಾಲಕರು ವಿನಯದಿಂದಲೇ ಕೇಳಿಕೊಂಡಿದ್ದಾರೆ. ಅವರು ಕೇಳಿದ್ದು ಹಕ್ಕಿನ ಮಾತಾದ್ದರಿಂದ ಅದನ್ನು ಸಭೆಯಲ್ಲಿ ಚರ್ಚೆಗೆ ಇಡುವ ಅಗತ್ಯವೇ ಇರಲಿಲ್ಲ.

ಹೀಗೆ ಪಕ್ಕಕ್ಕೆ ನಿಲ್ಲುವ ಮಗುವಿನ ಹಕ್ಕನ್ನು ಸುಪ್ರೀಂ ಕೋರ್ಟ್ ಎಷ್ಟು ಗಂಭೀರವಾಗಿ ಕಂಡಿದೆ ಎಂಬುದಕ್ಕೆ ಕೇರಳದ ಬಿಜೋ ಇಮ್ಯಾನುಯೆಲ್ ಪ್ರಕರಣವನ್ನು ನೋಡಬೇಕು. ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಮೂವರು ಒಡಹುಟ್ಟಿದ ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ, ಮಕ್ಕಳನ್ನು ಹೊರಹಾಕಿದ್ದು ಅವರ ವಾಕ್ ಸ್ವಾತಂತ್ರ್ಯಕ್ಕೂ ಧಾರ್ಮಿಕ ಸ್ವಾತಂತ್ರ್ಯಕ್ಕೂ ವಿರುದ್ಧವೆಂದು ಹೇಳಿ ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ರಾಷ್ಟ್ರಗೀತೆಯನ್ನೇ ಹಾಡದೆ ಗೌರವದಿಂದ ಸುಮ್ಮನೆ ನಿಲ್ಲಬಹುದಾದ ಮಗುವನ್ನು ಆರತಿ ಹಿಡಿ ಎಂದು ಒತ್ತಾಯಿಸುವ ಅಧಿಕಾರ ಯಾವ ಮುಖ್ಯ ಗುರುಗಳಿಗೂ ಇರಲಾರದು.

ಶಾರದೆಯೆಂದರೆ ವಿದ್ಯೆ, ಇದರಲ್ಲಿ ಧರ್ಮವೆಲ್ಲಿಂದ ಬಂತು ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಕೇಳಿರಬಹುದು. ಪರೀಕ್ಷೆಗೆ ಮುನ್ನ ಪೆನ್ನು, ಪುಸ್ತಕಗಳನ್ನು ಶಾರದೆಯ ಪಟದ ಮುಂದಿಟ್ಟು ಕಣ್ಣು ಮುಚ್ಚಿ ಕೈಮುಗಿಯುವ ಮಗುವಿನ ಭಾವ ನಿಜವಾದದ್ದು, ಅದನ್ನು ಹಗುರವಾಗಿ ಕಾಣುವುದು ತಪ್ಪು. ಆದರೆ ಕೈಮುಗಿಯುವವರಿಗೆ ಅದು ಪೂಜೆ ಎಂದಾದರೆ ಮುಗಿಯಲಾರದವರಿಗೂ ಅದು ಪೂಜೆಯೇ. ಒಂದೇ ಕ್ರಿಯೆಯನ್ನು ಒಬ್ಬರಿಗೆ ಭಕ್ತಿಯೆಂದೂ ಇನ್ನೊಬ್ಬರಿಗೆ ಬರೀ ಸಂಪ್ರದಾಯವೆಂದೂ ಕರೆದರೆ ಎರಡೂ ಮಕ್ಕಳಿಗೆ ಅನ್ಯಾಯವಾಗುತ್ತದೆ.

ನಮ್ಮ ಭಾಗದಲ್ಲಿ ಹಬ್ಬಗಳು ಬೆರೆತದ್ದು ಹೇಗೆ ಎಂಬುದನ್ನೂ ನೆನೆಯಿರಿ. ಮುದಗಲ್ಲಿನಲ್ಲಿ, ಸುತ್ತಲಿನ ಅನೇಕ ಹಳ್ಳಿಗಳಲ್ಲಿ ಮೊಹರಂ ಬಂದರೆ ಅಲಾಯಿ ದೇವರಿಗೆ ಹರಕೆ ಹೊತ್ತು ಫಕೀರರಾಗುವವರಲ್ಲಿ ಹಿಂದೂ ಮನೆತನದವರೂ ಇರುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಗೂ ಎಲ್ಲ ಜನ ಸೇರುತ್ತಾರೆ. ಅಲ್ಲಿ ಯಾರೂ ಹಾಜರಿ ತೆಗೆದುಕೊಳ್ಳುವುದಿಲ್ಲ, ಬಾರದಿದ್ದವರನ್ನು ಏಕೆ ಬರಲಿಲ್ಲವೆಂದು ಕೇಳುವುದಿಲ್ಲ. ಶಾಲೆಯಲ್ಲಿ ಹಾಜರಿ ಪುಸ್ತಕವಿದೆ, ಅಂಕ ಕೊಡುವ ಗುರುಗಳಿದ್ದಾರೆ, ಮಗುವಿಗೆ ಹೊರಗೆ ಹೋಗುವ ಸ್ವಾತಂತ್ರ್ಯವಿಲ್ಲ. ಆದ್ದರಿಂದ ಊರಿನಲ್ಲಿ ಸೌಹಾರ್ದವೆನಿಸುವ ಆಚರಣೆಯೇ ಶಾಲೆಯಲ್ಲಿ ಒತ್ತಾಯವಾಗಿಬಿಡುವ ಸಾಧ್ಯತೆ ಇದೆ.

ಏನು ಮಾಡಬೇಕೆಂದರೆ, ಬೀಳ್ಕೊಡುಗೆಯನ್ನು ಪೂಜೆಯಿಂದ ಬೇರ್ಪಡಿಸಿ. ಬೀಳ್ಕೊಡುಗೆ ಎಲ್ಲ ಮಕ್ಕಳದು, ಅದು ಶಾಲೆಯಲ್ಲಿ ಶಾಲೆಯ ಕಾರ್ಯಕ್ರಮವಾಗಿ ನಡೆಯಲಿ. ಶಾರದಾ ಪೂಜೆಯನ್ನು ಬಯಸುವ ಮನೆತನಗಳು ಊರಿನ ಗುಡಿಯಲ್ಲಿ ಇಟ್ಟುಕೊಳ್ಳಲಿ, ಇಷ್ಟವಿದ್ದ ಗುರುಗಳೂ ಹೋಗಿಬರಲಿ. ಪಟ್ಟಿಯ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ: 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡಲು 2009ರಲ್ಲಿ ಕಾಯ್ದೆಯಾಗಿರುವಾಗ ಪೂಜೆಯ ಹಣ ಕೊಡದವರ ಹೆಸರನ್ನು ತರಗತಿಯಲ್ಲಿ ಓದುವಂತಹ ಪದ್ಧತಿ ಎಲ್ಲಿಯಾದರೂ ಇದ್ದರೆ ಅದನ್ನು ಅಂದೇ ನಿಲ್ಲಿಸಬೇಕು.

ಪ್ರಶ್ನೆ: ನನ್ನ ತಮ್ಮನ ಸಂಸಾರ ಅಮೆರಿಕದಲ್ಲಿದೆ. ಅಲ್ಲಿ ಚರ್ಚ್ ಮತ್ತು ಪ್ರಭುತ್ವದ ನಡುವೆ ಗೋಡೆಯಿದೆ ಎನ್ನುತ್ತಾರೆ. ಆದರೂ ಅವನ ಮಗ ಸರ್ಕಾರಿ ಶಾಲೆಯ ಡಿಸೆಂಬರ್ ಕಾರ್ಯಕ್ರಮದಲ್ಲಿ ಕ್ರಿಸ್‌ಮಸ್ ಹಾಡು ಹಾಡಿದ ವಿಡಿಯೊ ಕಳಿಸಿದ್ದಾನೆ. ಇದು ಹೇಗೆ? ನಮ್ಮಲ್ಲಿ ಅಂಥ ಗೋಡೆ ಏಕಿಲ್ಲ? (ಕುಷ್ಟಗಿಯ ಓದುಗರು)

ಉತ್ತರ: ಗೋಡೆ ಎಂಬ ಮಾತು ಅಮೆರಿಕದ ಸಂವಿಧಾನದಲ್ಲಿ ಇಲ್ಲ. ಸಂಸತ್ತು ಯಾವ ಧರ್ಮವನ್ನೂ ಸ್ಥಾಪಿಸುವ ಕಾನೂನು ಮಾಡಕೂಡದು, ಧರ್ಮಾಚರಣೆಗೆ ಅಡ್ಡಿಯನ್ನೂ ತರಕೂಡದು ಎಂಬುದು 1791ರಲ್ಲಿ ಜಾರಿಗೆ ಬಂದ ಮೊದಲನೇ ತಿದ್ದುಪಡಿಯ ಸಾರ. ಅದನ್ನು ಗೋಡೆಯೆಂದು ಬಣ್ಣಿಸಿದ್ದು 1802ರಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದಲ್ಲಿ. ಶಾಲೆಗಳಿಗೆ ಅದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ಬಹಳ ಮುಂದೆ ನ್ಯಾಯಾಲಯಗಳು ಬಿಡಿಸಿ ಹೇಳಬೇಕಾಯಿತು. ನ್ಯೂಯಾರ್ಕ್ ರಾಜ್ಯದ ಅಧಿಕಾರಿಗಳು ಯಾವ ಪಂಗಡಕ್ಕೂ ಸೇರದಂತೆ ರಚಿಸಿದ್ದ ಚಿಕ್ಕ ಪ್ರಾರ್ಥನೆಯೂ ಸಲ್ಲದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿತು. 1963ರಲ್ಲಿ ಶಾಲೆಯಲ್ಲಿ ಭಕ್ತಿಯ ರೂಪದ ಬೈಬಲ್ ಪಠಣವನ್ನು ನಿಲ್ಲಿಸಿತು. ಆ ಎರಡನೇ ತೀರ್ಪಿನಲ್ಲೇ, ಧರ್ಮಗಳನ್ನು ಪಾಠದ ವಿಷಯವಾಗಿ ನಿಷ್ಪಕ್ಷಪಾತದಿಂದ ಕಲಿಸುವುದಕ್ಕೆ ತಡೆಯಿಲ್ಲ ಎಂದೂ ಸ್ಪಷ್ಟಪಡಿಸಿತು.

ನಿಮ್ಮ ತಮ್ಮನ ಮಗನ ಹಾಡಿಗೆ ಹತ್ತಿರವಾದ ಪ್ರಕರಣ ದಕ್ಷಿಣ ಡಕೋಟಾದ ಸೂ ಫಾಲ್ಸ್ ಊರಿನದು. ಕಿಂಡರ್‌ಗಾರ್ಟನ್ ಮಕ್ಕಳ ಕ್ರಿಸ್‌ಮಸ್ ಕಾರ್ಯಕ್ರಮದ ಬಗ್ಗೆ ದೂರು ಬಂದಾಗ ಅಲ್ಲಿನ ಶಾಲಾ ಮಂಡಳಿ ನಿಯಮಗಳನ್ನು ರೂಪಿಸಿತು: ಧಾರ್ಮಿಕ ಹಾಡುಗಳನ್ನು ಆ ಹಬ್ಬದ ಪರಂಪರೆಯ ಭಾಗವಾಗಿ, ವಿವೇಚನೆಯಿಂದ, ತಟಸ್ಥವಾಗಿ ಹಾಡಿಸಬಹುದು, ಬೇಡವೆನ್ನುವ ಮಗುವಿಗೆ ವಿನಾಯಿತಿಯಿದೆ. ಮೇಲ್ಮನವಿ ನ್ಯಾಯಾಲಯ 1980ರಲ್ಲಿ ಆ ನಿಯಮಗಳನ್ನು ಎತ್ತಿಹಿಡಿಯಿತು. ಹಾಡು ಸರಿ, ಪ್ರಾರ್ಥನೆ ಸಲ್ಲದು ಎಂಬ ಗೆರೆ ಹೀಗೆ ಮೂಡಿತು. ಈಚೆಗೆ ಆ ಗೆರೆ ಸ್ವಲ್ಪ ಸಡಿಲವಾಗಿದೆ: ಪಂದ್ಯ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಸರ್ಕಾರಿ ಶಾಲೆಯ ಫುಟ್‌ಬಾಲ್ ತರಬೇತುದಾರನ ಪರವಾಗಿ ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿತು.

ನಮ್ಮ ರಾಜ್ಯವ್ಯವಸ್ಥೆ ಧರ್ಮದಿಂದ ಪೂರ್ತಿ ದೂರ ನಿಂತಿಲ್ಲ. ಮುಜರಾಯಿ ಇಲಾಖೆ ದೇವಾಲಯಗಳ ಆಡಳಿತ ನೋಡುತ್ತದೆ, ಸರ್ಕಾರ ಎಲ್ಲ ಧರ್ಮದ ಹಬ್ಬಗಳಿಗೂ ರಜೆ ಕೊಡುತ್ತದೆ. ಜಾತ್ಯತೀತತೆ ಸಂವಿಧಾನದ ಮೂಲಲಕ್ಷಣವೆಂದು 1994ರಲ್ಲಿ ನಮ್ಮ ಮಾಜಿ ಮುಖ್ಯಮಂತ್ರಿ ಎಸ್‌.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗಲೂ ಅದರ ಅರ್ಥ ಎಲ್ಲ ಧರ್ಮಗಳನ್ನೂ ಸಮನಾಗಿ ಕಾಣುವುದು ಎಂದೇ ಇತ್ತು. ಆದರೆ ಶಾಲೆಯ ಮಟ್ಟಿಗೆ ಮಾತ್ರ ನಮ್ಮ ಸಂವಿಧಾನ ಅಮೆರಿಕದ್ದಕ್ಕಿಂತ ಸ್ಪಷ್ಟವಾಗಿದೆ. ಅಲ್ಲಿ ತೀರ್ಪುಗಳಿಂದ ಕಟ್ಟಿಕೊಂಡದ್ದನ್ನು ಇಲ್ಲಿ 28ನೇ ವಿಧಿಯಲ್ಲಿ ನೇರವಾಗಿ ಬರೆಯಲಾಗಿದೆ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ ಡಾ. ಬಿ.ಆರ್. ಅಂಬೇಡ್ಕರ್ ಅವರು ಇಷ್ಟೊಂದು ಧರ್ಮಗಳಿರುವ ದೇಶದಲ್ಲಿ ಸಾರ್ವಜನಿಕ ಹಣದ ಶಾಲೆ ಧರ್ಮಬೋಧನೆಗೆ ಕೈಹಾಕಿದರೆ ಆಗುವ ತೊಡಕುಗಳನ್ನು ವಿವರಿಸಿದ್ದರು.

ಪ್ರಶ್ನೆ: ನಾನು ಸಿರುಗುಪ್ಪ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿ. ಹಬ್ಬಗಳ ಬಗ್ಗೆ ಪಾಠ ಮಾಡಿದರೂ ದೂರು ಬರಬಹುದೆಂಬ ಅಂಜಿಕೆ ಇದೆ. ಸುಮ್ಮನಿರುವುದೇ ಲೇಸೇ?

ಉತ್ತರ: ಸುಮ್ಮನಿರಬೇಡಿ, ಮೇಡಂ. ಧರ್ಮಗಳ ಬಗ್ಗೆ ಅಧ್ಯಯನ ಬೇರೆ, ಧರ್ಮಬೋಧನೆ ಬೇರೆ ಎಂಬುದನ್ನು ಸುಪ್ರೀಂ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ಒಪ್ಪಿದೆ. ಬಕ್ರೀದ್ ಏಕೆ ಆಚರಿಸುತ್ತಾರೆ, ದೀಪಾವಳಿಯ ದಿನ ರೈತರ ಮನೆಯಲ್ಲಿ ಏನು ನಡೆಯುತ್ತದೆ, ಕ್ರಿಸ್‌ಮಸ್ ಯಾರ ಹುಟ್ಟಿದ ದಿನ ಎಂಬುದು ಮಕ್ಕಳಿಗೆ ತಿಳಿಯಲೇಬೇಕು. ‘ಅವರು ಹೀಗೆ ನಂಬುತ್ತಾರೆ’ ಎಂದು ಹೇಳಿ. ‘ನಾವೆಲ್ಲರೂ ಹೀಗೆ ನಂಬಬೇಕು’ ಎಂಬ ಧ್ವನಿ ಬಾರದಿರಲಿ. ತರಗತಿಯಲ್ಲಿರುವ ಒಬ್ಬಳೇ ಮುಸ್ಲಿಂ ಹುಡುಗಿಯನ್ನು ಎಬ್ಬಿಸಿ ನಿಮ್ಮ ಹಬ್ಬದ ಬಗ್ಗೆ ಹೇಳು ಎನ್ನಬೇಡಿ. ಅವಳೇ ಮುಂದೆ ಬಂದರೆ ಸಂತೋಷದಿಂದ ಕೇಳಿ.

ಪಾಠಕ್ಕೆ ನಿಮ್ಮ ತಾಲ್ಲೂಕಿನಲ್ಲೇ ಸಾಮಗ್ರಿ ಇದೆ. ನಿಟ್ಟೂರಿನಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಕಲಬುರಗಿ ಜಿಲ್ಲೆಯ ಸನ್ನತಿಯ ಶಿಲಾಫಲಕದಲ್ಲಿ ಅವನ ಹನ್ನೆರಡನೇ ಶಾಸನದ ಭಾಗ ದೊರೆತಿದೆ. ತನ್ನ ಪಂಥವನ್ನು ಹೊಗಳಿಕೊಳ್ಳುವಾಗಲೂ ಪರರ ಪಂಥದ ಬಗ್ಗೆ ಆಡುವಾಗಲೂ ನಾಲಿಗೆ ಹಿಡಿತದಲ್ಲಿರಬೇಕು ಎಂಬುದು ಅದರ ತಿರುಳು. ಏಳನೇ ತರಗತಿಯ ಮಕ್ಕಳು ಇದನ್ನು ಚೆನ್ನಾಗಿಯೇ ಚರ್ಚಿಸಬಲ್ಲರು.

ಪ್ರಶ್ನೆ: ಬಳ್ಳಾರಿಯ ಒಂದು ಅನುದಾನಿತ ಅಲ್ಪಸಂಖ್ಯಾತ ಶಾಲೆಯಲ್ಲಿ ನನ್ನ ಮಗ ಓದುತ್ತಾನೆ. ಅಲ್ಲಿನ ಪ್ರಾರ್ಥನೆಗೆ ಅವನು ಹೋಗಲೇಬೇಕೆ?

ಉತ್ತರ: ಹೋಗಲೇಬೇಕೆಂದಿಲ್ಲ. 30ನೇ ವಿಧಿ ಆ ಸಂಸ್ಥೆಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. ಅದರ ಪ್ರಾರ್ಥನೆ ನಡೆಯಲಿ. ಆದರೆ ಮೇಲೆ ಹೇಳಿದ 28ನೇ ವಿಧಿಯ ಮೂರನೇ ಉಪವಿಧಿ ಅಲ್ಲಿಗೂ ಅನ್ವಯಿಸುತ್ತದೆ. ಒಪ್ಪಿಗೆಯಿಲ್ಲವೆಂದು ಮುಖ್ಯಸ್ಥರಿಗೆ ಒಂದು ಪತ್ರ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಆ ವೇಳೆಯಲ್ಲಿ ಮಗ ಎಲ್ಲಿ ಕುಳಿತಿರಬೇಕು, ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಅದರಲ್ಲೇ ಕೇಳಿ. ಉತ್ತರ ಬಾರದಿದ್ದರೆ ಅದರ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಗೆ ಹೋಗಿ.