ಸಂಘದ ಸದಸ್ಯತ್ವವೂ ಸಹಿಯ ಅಧಿಕಾರವೂ

ಪ್ರಶ್ನೆ: ನಾಲ್ಕು ವರ್ಷಗಳಿಂದ ಕಟ್ಟಡಗಳ ಸ್ಟ್ರಕ್ಚರಲ್ ಡಿಸೈನ್ ಮಾಡುತ್ತಿದ್ದೇನೆ. ನಮ್ಮ ಭಾಗದ ಸ್ಟ್ರಕ್ಚರಲ್ ಎಂಜಿನಿಯರುಗಳ ಸಂಘವನ್ನು ಸೇರಿದರೆ ನಕ್ಷೆಗಳಿಗೆ ಸಹಿ ಮಾಡುವ ಅಧಿಕಾರ ದೊರೆಯುವುದೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ದೊರೆಯುವುದಿಲ್ಲ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಡಿ ರಚಿತವಾದ ಪರಿಷತ್ತು ಇರುವಂತೆ ಎಂಜಿನಿಯರುಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಶಾಸನಬದ್ಧ ಪರಿಷತ್ತು ಇಲ್ಲ. ಸಹಿಯ ಅಧಿಕಾರ ತರುವ ಅವರ ನೋಂದಣಿ ಸ್ಥಳೀಯ ಸಂಸ್ಥೆಗಳ ಕೈಯಲ್ಲಿದೆ. ಸಂಘವೆಂಬುದು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿ, ತನ್ನ ಬೈಲಾದಂತೆ ನಡೆಯುವ ಸ್ವಯಂಪ್ರೇರಿತ ಸಂಸ್ಥೆ. ಸರ್ವಸದಸ್ಯರ ಸಭೆಯೇ ಲೆಕ್ಕಪತ್ರಕ್ಕೆ ಒಪ್ಪಿಗೆ ನೀಡಿ ಕಾರ್ಯಕಾರಿ ಸಮಿತಿಯನ್ನು ಆರಿಸುತ್ತದೆ.

ಆದರೂ ತಾವು ಸೇರಬೇಕೆಂಬುದೇ ನನ್ನ ಅಭಿಪ್ರಾಯ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವುದರಿಂದ ಆಳವಿಲ್ಲದ ಪಾಯದ ಮೇಲಿನ ಗೋಡೆಗಳು ಸೀಳುವುದನ್ನು ತಾವು ಕಂಡೇ ಇರುತ್ತೀರಿ, ಐ.ಎಸ್. 2911 ಎಂಬ ಭಾರತೀಯ ಮಾನಕದ ಮೂರನೆಯ ಭಾಗ ಹೇಳುವ, ಬುಡ ಅಗಲಿಸಿದ ಕಾಂಕ್ರೀಟ್ ಕಂಬಗಳಾದ ಅಂಡರ್-ರೀಮ್ಡ್ ಪೈಲ್‌ಗಳನ್ನು ಈ ನೆಲದಲ್ಲಿ ಎಷ್ಟು ಆಳಕ್ಕೆ ಇಳಿಸಬೇಕೆಂಬ ವಿವೇಕ, ಇಲ್ಲಿಯೇ ಕಟ್ಟಿಸಿದ ಹಿರಿಯರೊಡನೆ ಕುಳಿತು ಚರ್ಚಿಸಿದಾಗ ಗಟ್ಟಿಯಾಗುತ್ತದೆ. ಮಾನಕಗಳೂ ನಿಂತ ನೀರಲ್ಲ: 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನಲುಗಿದಾಗ ಆ ಪ್ರದೇಶ ಅತಿ ಕಡಿಮೆ ಅಪಾಯದ ಭೂಕಂಪ ವಲಯದಲ್ಲಿತ್ತು, ಭೂಕಂಪ ಮಾನಕದ 2002ರ ಪರಿಷ್ಕರಣೆಯಲ್ಲಿ ಆ ಒಂದನೆಯ ವಲಯವನ್ನೇ ಕೈಬಿಡಲಾಯಿತು. ಇಂಥ ಬದಲಾವಣೆಗಳನ್ನು ಸದಸ್ಯರಿಗೆ ಕಾಲಕಾಲಕ್ಕೆ ಬಿಡಿಸಿ ಹೇಳುವುದು, ಒಬ್ಬರ ಲೆಕ್ಕವನ್ನು ಮತ್ತೊಬ್ಬರು ಪರಿಶೀಲಿಸುವ ರೂಢಿ ಬೆಳೆಸುವುದು ಸಂಘದ ನಿಜವಾದ ಕೆಲಸ.

ಶುಲ್ಕ ಕಟ್ಟುವ ಮುನ್ನ ಬೈಲಾ ಹಾಗೂ ಹಿಂದಿನ ವರ್ಷದ ಲೆಕ್ಕಪತ್ರವನ್ನು ಕೇಳಿ ಓದಿರಿ.