ಬೆಂಕಿ ರೋಗ ತಡೆಯುವ ತಳಿ ಕೆಲವೇ ವರ್ಷಗಳಲ್ಲಿ ಸೋಲುವುದೇಕೆ?

ಪ್ರಶ್ನೆ: ನಾವು ಮದ್ದೂರು ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವರು. ಬೆಂಕಿ ರೋಗ ಬರುವುದಿಲ್ಲವೆಂದು ಹೇಳಿದ್ದ ತಳಿಯೊಂದನ್ನು ಕೆಲವು ವರ್ಷಗಳಿಂದ ಹಾಕುತ್ತಿದ್ದೆವು. ಮೊದಮೊದಲು ಚೆನ್ನಾಗಿಯೇ ಬಂತು. ಕಳೆದ ಮುಂಗಾರಿನಲ್ಲಿ ಕುತ್ತಿಗೆ ಬೆಂಕಿ ತಗುಲಿ ತೆನೆಯೆಲ್ಲ ಜೊಳ್ಳಾಯಿತು. ಬಿತ್ತನೆ ಬೀಜ ನಾವೇ ಎತ್ತಿಟ್ಟುಕೊಂಡದ್ದು. ಬೀಜ ಹಳೆಯದಾದಂತೆ ಅದರ ರೋಗನಿರೋಧಕ ಶಕ್ತಿ ಸವೆಯುತ್ತದೆಯೇ? ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿರುವ ನನ್ನ ಮಗ, ರಕ್ತವೇ ಇಲ್ಲದ ಗಿಡಕ್ಕೆ ಇಂತಹ ಶಕ್ತಿ ಎಲ್ಲಿಂದ ಬಂತು ಎಂದು ಕೇಳುತ್ತಾನೆ. ದಯವಿಟ್ಟು ವಿವರಿಸಿ.

ಉತ್ತರ: ಬೀಜದ ಶಕ್ತಿ ಸವೆದಿಲ್ಲ. ಭತ್ತದ ಹೂವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಹಾಗಾಗಿ ಬೇರೆ ತಳಿಯ ಕಾಳು ಬೆರೆಯದಂತೆ ನೋಡಿಕೊಂಡಿದ್ದರೆ, ನೀವು ಮೊದಲ ವರ್ಷ ಬಿತ್ತಿದ ಬೀಜದಲ್ಲಿದ್ದ ರೋಗನಿರೋಧಕ ಪ್ರೋಟೀನೇ ಕಳೆದ ವರ್ಷದ ಪೈರಿನಲ್ಲೂ ಇದ್ದಿರುತ್ತದೆ. ಬದಲಾದದ್ದು ಗದ್ದೆಯಲ್ಲಿ ಈ ರೋಗವನ್ನು ತರುವ ಶಿಲೀಂಧ್ರ.

ಇದು ಹೇಗೆಂದು ತಿಳಿಯಲು ನಿಮ್ಮ ಮಗನ ಪ್ರಶ್ನೆಯಿಂದಲೇ ಆರಂಭಿಸುವುದು ಒಳ್ಳೆಯದು. ಗಿಡಕ್ಕೆ ರೋಗಾಣುವನ್ನು ಅಟ್ಟಿಸಿಕೊಂಡು ಹೋಗುವ ಬಿಳಿ ರಕ್ತಕಣಗಳಿಲ್ಲ, ಪ್ರತಿಕಾಯಗಳೂ ಇಲ್ಲ. ಪ್ರತಿಯೊಂದು ಜೀವಕೋಶವೂ ತನ್ನ ರಕ್ಷಣೆಯನ್ನು ತಾನೇ ನೋಡಿಕೊಳ್ಳಬೇಕು. ಜೀವಕೋಶದ ಹೊರಪೊರೆಯಲ್ಲಿರುವ ಕೆಲವು ಪ್ರೋಟೀನ್‌ಗಳು, ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್‌ನಂತಹ ಸಾಮಾನ್ಯ ವಸ್ತುಗಳನ್ನು ಗುರುತಿಸಿ ಎಚ್ಚರಿಕೆ ಕೊಡುತ್ತವೆ. ಬೆಂಕಿ ರೋಗದ ಶಿಲೀಂಧ್ರವು ಈ ಎಚ್ಚರಿಕೆಯನ್ನು ಅಡಗಿಸುವುದಕ್ಕಾಗಿ ಎಫೆಕ್ಟರ್ ಎಂದು ಕರೆಯಲಾಗುವ ತನ್ನದೇ ಪ್ರೋಟೀನ್‌ಗಳನ್ನು ಎಲೆಯ ಜೀವಕೋಶದೊಳಕ್ಕೆ ಕಳುಹಿಸುತ್ತದೆ. ಅವುಗಳಿಗಾಗಿ ಒಳಗೆ ಕಾದಿರುವುದು ಎನ್‌ಎಲ್‌ಆರ್ ಎಂಬ ಪ್ರೋಟೀನ್‌ಗಳ ದೊಡ್ಡ ಕುಟುಂಬ. ತಳಿ ವಿಜ್ಞಾನಿಗಳು 'ನಿರೋಧಕ ವಂಶವಾಹಿ' ಎಂದು ಹೆಸರಿಸುವುದರಲ್ಲಿ ಹೆಚ್ಚಿನವು ಇಂತಹ ಪ್ರೋಟೀನ್‌ಗಳನ್ನೇ ತಯಾರಿಸುತ್ತವೆ.

ಎನ್‌ಎಲ್‌ಆರ್ ಕೆಲಸ ಮಾಡುವ ಬಗೆ 2019ರಲ್ಲಿ ಚೀನಾದ ವಿಜ್ಞಾನಿಗಳ ಅಧ್ಯಯನದಿಂದ ಸ್ಪಷ್ಟವಾಯಿತು. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ, ರೋಗಕಾರಕದ ಸುಳಿವು ಸಿಕ್ಕೊಡನೆ ಐದು ಎನ್‌ಎಲ್‌ಆರ್ ಅಣುಗಳು ಉಂಗುರದಂತೆ ಕೂಡಿಕೊಳ್ಳುತ್ತವೆ. ಆ ಉಂಗುರ ಜೀವಕೋಶದ ಪೊರೆಯಲ್ಲಿ ನಾಟಿಕೊಂಡು ಕ್ಯಾಲ್ಸಿಯಂ ಒಳನುಗ್ಗಲು ದಾರಿ ಮಾಡಿಕೊಡುತ್ತದೆಂಬುದು ಅನಂತರ ಖಚಿತವಾಯಿತು. ಕೊನೆಗೆ ಆ ಜೀವಕೋಶವೇ ಸಾಯುತ್ತದೆ, ಶಿಲೀಂಧ್ರವೂ ಅಲ್ಲಿಯೇ ಸಿಕ್ಕಿಬೀಳುತ್ತದೆ. ನಿರೋಧಕ ತಳಿಯ ಎಲೆಯ ಮೇಲೆ ಸೂಜಿಮೊನೆಯಷ್ಟು ಕಂದು ಚುಕ್ಕೆ ಕಾಣಿಸಿ ಅಷ್ಟಕ್ಕೇ ನಿಲ್ಲುವುದು ಇದರಿಂದಲೇ. ನಿರೋಧಕ ಶಕ್ತಿಯಿಲ್ಲದ ತಳಿಯಲ್ಲಿ ಅದೇ ಚುಕ್ಕೆ ಬೂದು ನಡುವಿನ, ನೂಲುವ ಕದಿರಿನಾಕಾರದ ಮಚ್ಚೆಯಾಗಿ ಬೆಳೆಯುತ್ತದೆ.

ಇಷ್ಟೊಂದು ನಿಖರವಾದ ಪ್ರೋಟೀನ್ ಹುಟ್ಟಿದ್ದು ಹೇಗೆ? ಮನುಷ್ಯನ ದೇಹವು ಪ್ರತಿಕಾಯದ ವಂಶವಾಹಿಗಳ ತುಂಡುಗಳನ್ನು ಜೀವಿತಾವಧಿಯಲ್ಲಿಯೇ ಬೇರೆಬೇರೆ ರೀತಿಯಲ್ಲಿ ಜೋಡಿಸಿಕೊಂಡು ಹೊಸ ರೋಗಾಣುವಿಗೆ ಹೊಸ ಪ್ರತಿಕಾಯ ತಯಾರಿಸುತ್ತದೆ. ಗಿಡಕ್ಕೆ ಆ ಅನುಕೂಲವಿಲ್ಲ. ಅದರ ಎನ್‌ಎಲ್‌ಆರ್‌ಗಳೆಲ್ಲವೂ ತಲೆಮಾರಿನಿಂದ ತಲೆಮಾರಿಗೆ ಬಂದ ಆಸ್ತಿ. ಆದ್ದರಿಂದ ವೈವಿಧ್ಯವನ್ನು ಅದು ವಂಶವಾಹಿಗಳ ಸಂಖ್ಯೆಯಲ್ಲಿ ಗಳಿಸಿಕೊಂಡಿದೆ. ಅರಬಿಡಾಪ್ಸಿಸ್‌ನಲ್ಲಿ ಸುಮಾರು 150, ಭತ್ತದಲ್ಲಿ ಸುಮಾರು 500 ಎನ್‌ಎಲ್‌ಆರ್ ವಂಶವಾಹಿಗಳಿವೆ. ಪರಂಗಿಯಲ್ಲಿ ಮಾತ್ರ ಐವತ್ತರ ಆಸುಪಾಸು. ಇವು ವರ್ಣತಂತುವಿನ ಮೇಲೆ ಹಲವೆಡೆ ಗುಂಪುಗುಂಪಾಗಿ ಒಂದರ ಪಕ್ಕ ಒಂದು ಇರುವುದರಿಂದ, ಪರಾಗ ಮತ್ತು ಅಂಡಗಳು ರೂಪುಗೊಳ್ಳುವಾಗ ನಡೆಯುವ ವರ್ಣತಂತು ತುಣುಕುಗಳ ಅದಲುಬದಲಿನಲ್ಲಿ ಹೊಂದಾಣಿಕೆ ತಪ್ಪಿ, ಒಂದು ಕಡೆ ಹೆಚ್ಚುವರಿ ಪ್ರತಿ ಸೇರುತ್ತದೆ, ಇನ್ನೊಂದು ಕಡೆ ಇರುವುದೂ ಕಳೆದುಹೋಗುತ್ತದೆ. ಹೆಚ್ಚುವರಿ ಪ್ರತಿ ಸ್ವತಂತ್ರವಾಗಿ ಬದಲಾಗಬಲ್ಲದು. ಪ್ರೋಟೀನಿನ ಇತರ ಭಾಗಗಳಲ್ಲಿ ಕೋಟ್ಯಂತರ ವರ್ಷಗಳಿಂದ ಹೆಚ್ಚು ಬದಲಾವಣೆಯಾಗಿಲ್ಲ. ಆದರೆ ರೋಗಕಾರಕವನ್ನು ಗುರುತಿಸುವ, ಲ್ಯೂಸಿನ್ ಎಂಬ ಅಮೈನೋ ಆಮ್ಲ ಮತ್ತೆಮತ್ತೆ ಬರುವ ಭಾಗವು ಬಹಳ ವೇಗವಾಗಿ ಬದಲಾಗಿರುವುದು ವಂಶವಾಹಿಗಳ ಹೋಲಿಕೆಯಿಂದ ತಿಳಿದಿದೆ.

ನನಗೆ ಅತ್ಯಂತ ಚತುರವೆನಿಸುವ ಉದಾಹರಣೆ ಭತ್ತದ್ದೇ. ಬೆಂಕಿ ರೋಗದ ಕೆಲವು ಎಫೆಕ್ಟರ್‌ಗಳು ಭತ್ತದ ಒಂದು ಬಗೆಯ ಸಣ್ಣ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತವೆ. ವಿಕಾಸದ ಹಾದಿಯಲ್ಲಿ ಆ ಸಣ್ಣ ಪ್ರೋಟೀನಿನ ತುಣುಕೊಂದು ಎನ್‌ಎಲ್‌ಆರ್ ಒಳಗೇ ಸೇರಿಹೋಗಿದೆ. ಇಲಿಬೋನಿನೊಳಗಿಟ್ಟ ಕೊಬ್ಬರಿ ಚೂರಿನಂತೆ ಅದು ಎಫೆಕ್ಟರನ್ನು ಸೆಳೆದು ಸಿಕ್ಕಿಸುತ್ತದೆ. ಪಿಕ್ ಮತ್ತು ಆರ್‌ಜಿಎ-5 ಎಂಬ ನಿರೋಧಕ ಪ್ರೋಟೀನ್‌ಗಳು ಇಂತಹವು. ಆರ್‌ಜಿಎ-5ರ ವಂಶವಾಹಿ ಕೊಯಮತ್ತೂರಿನ ಸಿಒ-39 ತಳಿಯಲ್ಲಿಯೂ ಇದೆ. ಆದರೂ ಬೆಂಕಿ ರೋಗದ ಪರೀಕ್ಷೆಗಳಲ್ಲಿ ಈ ತಳಿಯನ್ನು ಬೇಗ ರೋಗಕ್ಕೆ ತುತ್ತಾಗುವ ತಳಿಯೆಂದೇ ಬಳಸುತ್ತಾರೆ! ಅದರಲ್ಲಿರುವ ಬೋನಿಗೆ ಬೀಳಬೇಕಾದ ಎಫೆಕ್ಟರೊಂದನ್ನು ಭತ್ತಕ್ಕೆ ತಗಲುವ ಶಿಲೀಂಧ್ರದ ಬಹುಪಾಲು ಬಗೆಗಳು ಎಂದೋ ಕಳೆದುಕೊಂಡಿವೆ.

ನಿಮ್ಮ ಗದ್ದೆಯಲ್ಲಿಯೂ ಇಂತಹುದೇ ನಡೆದಿರಬೇಕು. ನಿರೋಧಕ ವಂಶವಾಹಿ ಒಂದಕ್ಕೆ ರೋಗಕಾರಕದಲ್ಲಿ ಪ್ರತಿಯಾಗಿ ಒಂದು ವಂಶವಾಹಿ ಇರುತ್ತದೆಂದು ಅಮೆರಿಕದ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲಿಯೇ ಅಗಸೆಯ ತುಕ್ಕು ರೋಗದಲ್ಲಿ ತೋರಿಸಿದ್ದರು. ಶಿಲೀಂಧ್ರದ ಆ ಒಂದು ವಂಶವಾಹಿ ಬಿದ್ದುಹೋದರೆ, ಅಥವಾ ಅದರ ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲ ಬದಲಾದರೂ, ತಳಿಯ ಕಣ್ಣಿಗೆ ಅದು ಕಾಣಿಸದು. ಒಂದೊಂದು ಮಚ್ಚೆಯಿಂದಲೂ ಸಾವಿರಾರು ಬೀಜಕಣಗಳು ಹೊರಬೀಳುವಾಗ ಇಂತಹ ಬದಲಾವಣೆ ಎಲ್ಲೋ ಒಂದರಲ್ಲಿ ಆಗಿಯೇ ಆಗುತ್ತದೆ. ನಾಲೆಯುದ್ದಕ್ಕೂ ಒಂದೇ ತಳಿಯಿದ್ದರೆ ಆ ಒಂದಕ್ಕೆ ಎದುರಾಳಿಯೇ ಇಲ್ಲ. ಕಾಡು ಭತ್ತದ ಗುಂಪಿನಲ್ಲಿ ಗಿಡಗಿಡಕ್ಕೂ ಎನ್‌ಎಲ್‌ಆರ್ ಬೇರೆ; ಶಿಲೀಂಧ್ರ ಒಂದನ್ನು ದಾಟಿದರೂ ಪಕ್ಕದ ಗಿಡದಲ್ಲಿ ಇನ್ನೊಂದು ತಡೆಯುತ್ತದೆ. ಏಕರೂಪದ ಬೆಳೆಗಾಗಿ ನಾವು ಈ ವೈವಿಧ್ಯವನ್ನು ಗದ್ದೆಯಿಂದ ಹೊರಹಾಕಿದ್ದೇವೆ. ತಳಿಯನ್ನು ದೂಷಿಸುವುದಕ್ಕಿಂತ ಅದನ್ನು ಬೆಳೆದ ಕ್ರಮವನ್ನು ಪ್ರಶ್ನಿಸುವುದು ಸರಿಯೆಂದು ನನ್ನ ಅಭಿಪ್ರಾಯ.

ಹಾಗಾದರೆ ಎಲ್ಲ ನಿರೋಧಕ ವಂಶವಾಹಿಗಳನ್ನೂ ಒಂದೇ ತಳಿಯಲ್ಲಿ ತುಂಬಬಾರದೇಕೆ ಎಂದು ನೀವು ಕೇಳಬಹುದು. ಎರಡು ಮೂರನ್ನು ಕೂಡಿಸುವ ಕೆಲಸ ನಡೆಯುತ್ತಿದೆ, ಅದು ಫಲಕಾರಿಯೂ ಹೌದು. ಆದರೆ ಈ ಪ್ರೋಟೀನ್‌ಗಳನ್ನು ಇಟ್ಟುಕೊಳ್ಳುವುದಕ್ಕೂ ಗಿಡ ಬೆಲೆ ತೆರಬೇಕಾಗುತ್ತದೆ: ಅರಬಿಡಾಪ್ಸಿಸ್‌ನ ಆರ್‌ಪಿಎಂ-1 ಎಂಬ ಒಂದೇ ವಂಶವಾಹಿಯಿಂದ, ರೋಗವಿಲ್ಲದ ಹೊಲದಲ್ಲಿ, ಬೀಜಗಳ ಸಂಖ್ಯೆ ಶೇಕಡ 9ರಷ್ಟು ಕುಗ್ಗಿದ್ದು 2003ರಲ್ಲಿ ವರದಿಯಾಯಿತು. ಹೊಂದಾಣಿಕೆಯಾಗದ ಎರಡು ಎನ್‌ಎಲ್‌ಆರ್‌ಗಳು ಒಂದೇ ಗಿಡದಲ್ಲಿ ಸೇರಿದರೆ, ರೋಗವೇ ಇಲ್ಲದೆ ಜೀವಕೋಶಗಳು ಸಾಯತೊಡಗಿ ಗಿಡ ಕುಂಠಿತವಾಗುವುದೂ ಉಂಟು.

ಈ ಕುಟುಂಬ ಬಹಳ ಪುರಾತನವಾದುದು. ಹಾವಸೆ ಸಸ್ಯಗಳಲ್ಲಿಯೂ ನೆಲದ ಸಸ್ಯಗಳಿಗೆ ಹತ್ತಿರದ ಹಸಿರು ಪಾಚಿಗಳಲ್ಲಿಯೂ ಎನ್‌ಎಲ್‌ಆರ್ ಇವೆ. ಪ್ರಾಣಿಗಳಲ್ಲಿರುವ ಇದೇ ಬಗೆಯ ಪ್ರೋಟೀನ್‌ಗಳು ಪ್ರತ್ಯೇಕವಾಗಿ ರೂಪುಗೊಂಡವೆಂಬುದು ಹೆಚ್ಚಿನ ವಿಜ್ಞಾನಿಗಳ ನಿಲುವು.

ಇನ್ನು ನೀವು ಮಾಡಬಹುದಾದದ್ದು. ಇರುವ ಗದ್ದೆಯಲ್ಲಿ ಒಂದೇ ತಳಿ ಹಾಕದೆ ಎರಡು ಮೂರು ತಳಿಗಳನ್ನು ಹಂಚಿ ನಾಟಿ ಮಾಡಿರಿ. ಚೀನಾದ ಯುನ್ನಾನ್ ಪ್ರಾಂತದಲ್ಲಿ ಬೇಗ ರೋಗ ತಗಲುವ ಅಂಟು ಭತ್ತವನ್ನು ನಿರೋಧಕ ತಳಿಯ ಸಾಲುಗಳ ನಡುವೆ ಬೆಳೆದಾಗ ಅದರಲ್ಲಿ ಬೆಂಕಿ ರೋಗದ ತೀವ್ರತೆ ಶೇಕಡ 94ರಷ್ಟು ಇಳಿದದ್ದು 2000ದಲ್ಲಿ ಪ್ರಕಟವಾಗಿದೆ. ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡಿರಿ. ರೋಗ ಬಿದ್ದ ಗದ್ದೆಯ ಕಾಳನ್ನು ಬೀಜಕ್ಕೆ ಇಡಬೇಡಿರಿ. ಈಗಿನ ಶಿಲೀಂಧ್ರಕ್ಕೆ ತಡೆಯೊಡ್ಡುವ ತಳಿ ಯಾವುದೆಂದು ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿರಿ. ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಸಂಕರಿಸಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ರೂಪಿಸಿದ್ದು ಅಲ್ಲಿಯೇ.

ಪ್ರಶ್ನೆ: ಹುಣಸೂರಿನ ಕಡೆ ತಂಬಾಕು ಬೆಳೆಯುತ್ತೇವೆ. ಮೊಸಾಯಿಕ್ ರೋಗ ತಡೆಯುವ ವಂಶವಾಹಿ ಬಿಸಿಲು ಹೆಚ್ಚಾದರೆ ಕೆಲಸ ಮಾಡುವುದಿಲ್ಲವೆಂದು ಕೇಳಿದೆ. ನಿಜವೇ?

ಉತ್ತರ: ನಿಜ. ನೀವು ಹೇಳುತ್ತಿರುವುದು 'ಎನ್' ಎಂಬ ವಂಶವಾಹಿ. ಕಾಡು ತಂಬಾಕಿನಿಂದ ಬಂದ ಇದು, 1994ರಲ್ಲಿ ಮೊಟ್ಟಮೊದಲು ಬೇರ್ಪಡಿಸಿ ಓದಲಾದ ಎನ್‌ಎಲ್‌ಆರ್ ವಂಶವಾಹಿಗಳಲ್ಲಿ ಒಂದು. ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದರ ತಡೆ ಸಡಿಲವಾಗಿ ವೈರಸ್ ಗಿಡದೊಳಗೆ ಹರಡುತ್ತದೆ. ಈ ವೈರಸ್ ಮುಖ್ಯವಾಗಿ ಕೈ, ಬಟ್ಟೆ ಮತ್ತು ಸಲಕರಣೆಗಳ ಮೂಲಕ ದಾಟುವುದರಿಂದ ಸಸಿ ಕೀಳುವಾಗಲೂ ಕುಡಿ ಚಿವುಟುವಾಗಲೂ ಸೋಪಿನಿಂದ ಕೈ ತೊಳೆದುಕೊಳ್ಳಿರಿ. ಒಣಗಿದ ತಂಬಾಕಿನಲ್ಲಿಯೂ ವೈರಸ್ ಉಳಿದಿರುತ್ತದೆ. ಬೀಡಿ ಸೇದಿದ ಅಥವಾ ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸಸಿಮಡಿಗೆ ಇಳಿಯಬೇಡಿರಿ.