ಜರ್ಮನಿಯ ಇತಿಹಾಸದಲ್ಲಿ ನವೆಂಬರ್ 9ಕ್ಕೆ ಯಾಕಷ್ಟು ಮಹತ್ವ? ಒಂದೇ ದಿನ ಇಷ್ಟೆಲ್ಲ ನಡೆದದ್ದು ಕಾಕತಾಳೀಯವೇ?

ಪೂರ್ತಿ ಕಾಕತಾಳೀಯ ಅಲ್ಲ. 1918ರ ನವೆಂಬರ್ 9ರಂದು ಚಕ್ರವರ್ತಿಯ ಆಳ್ವಿಕೆ ಮುಗಿದು ಬರ್ಲಿನ್‌ನಲ್ಲಿ ಗಣರಾಜ್ಯದ ಘೋಷಣೆ ಆಯಿತು. ಆ ಗಣರಾಜ್ಯವನ್ನು ಹಿಟ್ಲರ್ ದ್ವೇಷಿಸುತ್ತಿದ್ದ. 1923ರಲ್ಲಿ ಅದನ್ನು ಉರುಳಿಸಲು ಮ್ಯೂನಿಕ್‌ನಲ್ಲಿ ದಂಗೆ ಎದ್ದ. ಅದು ನೆಲಕಚ್ಚಿದ್ದೂ ನವೆಂಬರ್ 9ರಂದೇ.

ಮುಂದಿನ ಕೊಂಡಿಯನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಅಧಿಕಾರಕ್ಕೆ ಬಂದ ಮೇಲೆ ನಾಜಿಗಳು ಆ ದಂಗೆಯ ನೆನಪಿಗೆ ಪ್ರತಿವರ್ಷ ಮ್ಯೂನಿಕ್‌ನಲ್ಲಿ ಸೇರುತ್ತಿದ್ದರು. 1938ರಲ್ಲಿ ಹಾಗೆ ಸೇರಿದ್ದಾಗಲೇ, ಪ್ಯಾರಿಸ್‌ನಲ್ಲಿ ಯಹೂದಿ ಹುಡುಗನೊಬ್ಬ ಗುಂಡು ಹಾರಿಸಿದ್ದ ಜರ್ಮನ್ ಅಧಿಕಾರಿ ಸತ್ತ ಸುದ್ದಿ ಬಂತು. ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಅಲ್ಲೇ ಭಾಷಣ ಮಾಡಿ ಕಿಚ್ಚು ಹಚ್ಚಿದ. ಆ ರಾತ್ರಿ ದೇಶದ ತುಂಬ ಯಹೂದಿಗಳ ಪ್ರಾರ್ಥನಾಮಂದಿರಗಳು ಉರಿದವು, ಅಂಗಡಿಗಳ ಗಾಜು ಪುಡಿಯಾಯಿತು. ಸುಮಾರು 30,000 ಯಹೂದಿ ಗಂಡಸರನ್ನು ಹಿಡಿದು ಸೆರೆಶಿಬಿರಗಳಿಗೆ ತಳ್ಳಿದರು. ಇದನ್ನು ಓದುವಾಗ ಈಗಲೂ ಹೊಟ್ಟೆ ಸಂಕಟವಾಗುತ್ತದೆ.

1989ರ ನವೆಂಬರ್ 9ರದು ಮಾತ್ರ ನಿಜಕ್ಕೂ ಕಾಕತಾಳೀಯ. ಆಗ ಜರ್ಮನಿ ಪೂರ್ವ, ಪಶ್ಚಿಮ ಎಂದು ಎರಡು ದೇಶವಾಗಿತ್ತು; ಬರ್ಲಿನ್ ನಗರವನ್ನೂ ಒಂದು ಗೋಡೆ ಸೀಳಿತ್ತು. ಗಡಿ ದಾಟುವ ಹೊಸ ನಿಯಮ ಯಾವಾಗಿಂದ ಎಂದು ಪತ್ರಕರ್ತರು ಕೇಳಿದಾಗ, ಪೂರ್ವ ಜರ್ಮನಿಯ ಆಳುವ ಪಕ್ಷದ ವಕ್ತಾರ ಷಬೋವ್‌ಸ್ಕಿ ಸರಿಯಾದ ಮಾಹಿತಿ ಇಲ್ಲದೆ 'ಈಗಿಂದಲೇ' ಎಂದುಬಿಟ್ಟರು. ಜನ ಬರ್ಲಿನ್ ಗೋಡೆಯತ್ತ ನುಗ್ಗಿದರು, ರಾತ್ರಿಯೇ ಗೇಟು ತೆರೆಯಿತು. ಎಂಥ ಖುಷಿಯ ದಿನ ಅಲ್ವಾ? ಆದರೂ ಜರ್ಮನರು ರಾಷ್ಟ್ರೀಯ ಹಬ್ಬಕ್ಕೆ ಅದನ್ನು ಆರಿಸದೆ, 1990ರಲ್ಲಿ ದೇಶ ಒಂದಾದ ಅಕ್ಟೋಬರ್ 3ನ್ನು ಇಟ್ಟುಕೊಂಡರು. 1938ರ ರಾತ್ರಿಯ ದಿನದಂದು ಹಬ್ಬ ಮಾಡುವುದು ಹೇಗೆ?